ಅಣ್ಣನ ಯಂತ್ರಕ್ಕಾಗಿ ಒಂದು ಫೋರ್ಕ್

ಮೊಳಕಾಲ್ಮೂರಿನಲ್ಲಿ ನನ್ನ ಅಣ್ಣ ರೇಷ್ಮೆ ಸೀರೆ ನೇಯುವವರಿಗೆ ಜಕಾರ್ಡ್ ರಟ್ಟು ಹೊಡೆದುಕೊಡುತ್ತಾನೆ. ಅಂಚು, ಸೆರಗಿನ ಚಿತ್ತಾರವೆಲ್ಲ ಆ ರಟ್ಟಿನ ತೂತುಗಳಲ್ಲಿರುತ್ತದೆ, ಮಗ್ಗ ನೇಯುವುದು ಅದರಂತೆ. ಒಂದು ಮನೆಯ ಚಿತ್ತಾರವನ್ನು ಇನ್ನೊಂದು ಮನೆಗೆ ತೋರಿಸಬಾರದು ಎಂಬುದು ಅಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಮದುವೆಮನೆಯಲ್ಲಿ ಯಾರದಾದರೂ ಸೀರೆ ಹೊಗಳುವುದಕ್ಕೂ ಅಣ್ಣ ಹಿಂದೆಮುಂದೆ ನೋಡುತ್ತಾನೆ.

ಅವನ ಹಳೆಯ ಕಂಪ್ಯೂಟರ್ ಕೆಟ್ಟಿತು. ಹೊಸದು ತಂದರೆ, ಚಿತ್ರವನ್ನು ತೂತುಗಳ ಲೆಕ್ಕಕ್ಕೆ ಇಳಿಸುತ್ತಿದ್ದ ಲೈಬ್ರರಿ, ಅಂದರೆ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿಟ್ಟ ಕೋಡಿನ ಕಟ್ಟು, ಅದರಲ್ಲಿದ್ದ ಹೊಸ ಪೈಥಾನ್‌ಗೆ ಒಗ್ಗದೆ ಓಡಲಿಲ್ಲ. ಪರದೇಶದವರು ಯಾರೋ ಬರೆದು ಎಲ್ಲರಿಗೂ ತೆರೆದಿಟ್ಟಿದ್ದ ಲೈಬ್ರರಿ ಅದು. ಅವರ ಹೊಸ ಆವೃತ್ತಿಯಲ್ಲಿ, ರಟ್ಟಿಗೆ ತೂತು ಹೊಡೆಯುವ ಅಣ್ಣನ ಹಳೆಯ ಯಂತ್ರಕ್ಕೆ ಜಾಗವಿರಲಿಲ್ಲ. ಕೇಳಿದ್ದಕ್ಕೆ, ಅಂಥ ಯಂತ್ರ ಈಗ ಯಾರೂ ಬಳಸುವುದಿಲ್ಲ ಎಂದು ಉತ್ತರ ಬಂತು. ಬಳಸುವವನ ತಂಗಿಯೇ ಕೇಳಿದ್ದು!

ನಾನು ಚಳ್ಳಕೆರೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವಳು. ಹಳೆಯ ಆವೃತ್ತಿಯ ಒಂದು ಪ್ರತಿ ತೆಗೆದು ಫೋರ್ಕ್ ಮಾಡಿದೆ. ಅಣ್ಣತಮ್ಮಂದಿರು ಭಾಗವಾಗಿ ಬೇರೆ ಒಲೆ ಹೂಡಿದ ಹಾಗೆ. ಇನ್ನು ಅದರ ಉಸಾಬರಿಯೆಲ್ಲ ನನ್ನದು.

ಅಷ್ಟರಲ್ಲಿ ಒಂದು ಕಂಪನಿಯ ಏಜೆಂಟ್ ಅಣ್ಣನ ಬೆನ್ನು ಬಿದ್ದಿದ್ದ. ಅವರ ಸಾಫ್ಟ್‌ವೇರ್ ಹಾಕಿಕೊಂಡರೆ ಯಂತ್ರ ಓಡುತ್ತದೆ, ಆದರೆ ಚಿತ್ತಾರಗಳೆಲ್ಲ ಅವರ ಸರ್ವರ್‌ಗೆ ಹೋಗಬೇಕು. ಅಣ್ಣ ಸೋತಿದ್ದ. ಫೋನಿನಲ್ಲಿ, "ರಟ್ಟಿಲ್ದೆ ಮಗ್ಗ ನಿಂತಾವೆ ಕಣವ್ವ. ಪದ್ಧತಿ ಅಂತ ಕೂತ್ರೆ ಆಗ್ತೈತಾ? ಭಾನುವಾರ ಸಹಿ ಹಾಕ್ತೀನಿ" ಎಂದ.

"ಭಾನುವಾರ ನಾನೇ ಬರ್ತೀನಿ. ಅಲ್ಲೀತನಕ ಪೆನ್ನು ಮುಟ್ಟಬ್ಯಾಡ" ಎಂದೆ.

ದೋಸೆಗೆ ರುಬ್ಬಿಟ್ಟು, ಕಡ್ಲೆಕಾಯಿ ಬಿಡಿಸಿಟ್ಟು, ಎರಡು ಅಡುಗೆಯ ನಡುವಿನ ಹೊತ್ತಿನಲ್ಲಿ ಫೋರ್ಕಿನ ಕೋಡನ್ನು ಸಾಲುಸಾಲಾಗಿ ತಿದ್ದಿದೆ. ಪರೀಕ್ಷೆಗೊಂದು ಚಿತ್ತಾರ ಬೇಕಿತ್ತು. ಫೋರ್ಕ್ ಲೋಕಕ್ಕೆಲ್ಲ ಕಾಣುವಂಥದ್ದು, ನೇಯುವವರದನ್ನು ಅಲ್ಲಿ ಹಾಕುವಂತಿಲ್ಲ. ನನ್ನ ಬಾಗಿಲ ಏಳು ಚುಕ್ಕಿಯ ರಂಗೋಲಿಯನ್ನೇ ಹಾಕಿದೆ. ಹೊರಬಂದಾಗ ನಡುವಿನ ಚುಕ್ಕಿಯೇ ಇಲ್ಲ. ಹಳೆಯ ಪೈಥಾನ್ ಏಳರ ಅರ್ಧ ಮೂರು ಎನ್ನುತ್ತಿತ್ತು, ಹೊಸದು ಮೂರೂವರೆ ಎನ್ನುತ್ತದೆ. ಆ ಅರ್ಧವನ್ನು ನಾನು ಮೇಲಕ್ಕೆ ಸೇರಿಸಿ ನಾಲ್ಕು ಮಾಡಿದ್ದೆ. ಕಂಪ್ಯೂಟರ್ ಎಣಿಸುವುದು ಸೊನ್ನೆಯಿಂದ, ಏಳರ ನಡುವಿನದು ಅದಕ್ಕೆ ಮೂರು. ಅರ್ಧವನ್ನು ಬಿಟ್ಟುಬಿಟ್ಟೆ, ಚುಕ್ಕಿ ಬಂದು ಕೂತಿತು.

ಭಾನುವಾರ ಅಣ್ಣನ ಮನೆಯಲ್ಲಿ ಒಂದು ಅಂಚಿನ ರಟ್ಟುಗಳನ್ನು ಹೊಸದಾಗಿ ಹೊಡೆಸಿದೆವು. ಅದೇ ಅಂಚಿನ ಹಳೆಯ ರಟ್ಟನ್ನು ಹೊಸದರ ಮೇಲಿಟ್ಟು ಅಣ್ಣ ಬಾಗಿಲ ಬಿಸಿಲಿಗೆ ಹಿಡಿದ. ಎಲ್ಲ ತೂತುಗಳಲ್ಲೂ ಬೆಳಕು. ಅವನು ಮುಂದಿನದನ್ನು ಹಿಡಿದ, ಅದರ ಮುಂದಿನದನ್ನೂ.

ಏಜೆಂಟ್ ಬಂದು ಕೂತು ಎಲ್ಲ ಕೇಳಿಸಿಕೊಂಡ. ನಕ್ಕು, "ಇದನ್ನ ನೋಡ್ಕೊಳ್ಳೋರು ಅಕ್ಕಾರು ಒಬ್ರೇ. ನಾಳೆ ಅವರಿಗೆ ಪುರುಸೊತ್ತಿಲ್ಲ ಅಂದ್ರೆ ಏನ್ ಮಾಡ್ತೀರಿ?" ಎಂದು ಅಣ್ಣನನ್ನು ಕೇಳಿದ.

"ಅವಳು ಬರೆದಿದ್ದು ಬಿಚ್ಚಿಟ್ಟೈತೆ, ಬಲ್ಲೋರು ಯಾರಾದ್ರೂ ತಿದ್ಕೋಬಹುದು. ನಿಮ್ಮದು ಬಿಚ್ಚಿ ತೋರಿಸ್ತೀರೇನ್ರಿ?"

ಅದಕ್ಕೆ ಕಂಪನಿಯವರು ಒಪ್ಪುವುದಿಲ್ಲ ಎಂದ ಏಜೆಂಟ್.

"ಹಂಗಾದ್ರೆ ನಮ್ಮೋರ ಚಿತ್ತಾರ ಬಿಚ್ಚಿ ತೋರ್ಸೋಕೆ ನಾನೂ ಒಪ್ಪಲ್ಲ. ಟೀ ಕುಡೀರಿ."

ಅವನು ಕುಡಿದು ಹೋದ. ವರ್ಷವರ್ಷಕ್ಕೂ ಹೊಸ ಪೈಥಾನ್ ಬರುತ್ತದಂತಲ್ಲ ಎಂದು ಅಣ್ಣ ಆಮೇಲೆ ಮೆಲ್ಲಗೆ ಕೇಳಿದ.

"ಬರ್ಲಿ ಬಿಡು" ಎಂದೆ.

ಅದಾದ ಮೇಲೆ ಒಂದು ಬಂದಿದೆ. ಕೂತು ಸರಿಮಾಡಿದ್ದೇನೆ.