ಅಳತೆ ಕುಪ್ಪಸವೂ ಡೇಟಾಬೇಸ್ ಬಿಡಿಸಿದ ಶಿವಕುಮಾರಿಯೂ

ಮುಲುಂಡ್‌ನ ಆ ಹಳೆಯ ಬಿಲ್ಡಿಂಗಿನಲ್ಲಿ ನಸುಕಿಗೇ ನೀರು ಬರುತ್ತದೆ. ನೀರಿನ ಡ್ರಮ್ಮಿಗೆ ಪೈಪು ಬಿಟ್ಟು, ಅಡುಗೆಕಟ್ಟೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಶಿವಕುಮಾರಿ ನಿಂತೇ ಕೆಲಸ ಮಾಡುತ್ತಾರೆ. ಚಹಾ ಉಕ್ಕುತ್ತದೆ. ತಮ್ಮನ್ನೇ ಬೈದುಕೊಂಡು ಒರೆಸುತ್ತಾರೆ. ದಾದರ್‌ನ ಆಫೀಸಿಗೆ ಲೋಕಲ್ ರೈಲು ಹಿಡಿಯುವವರೆಗಿನ ಹೊತ್ತು ಮಾತ್ರ ಅವರ ಸ್ವಂತದ್ದು.

ವಿಜಯಪುರದಿಂದ ಮದುವೆಯಾಗಿ ಬಂದ ಇವರು ನೋಡಿಕೊಳ್ಳುವುದು ಟೇಲರ್‌ಗಳಿಗೆಂದೇ ಇರುವ ಒಂದು ಉಚಿತ ಸಾಫ್ಟ್‌ವೇರನ್ನು. ಅಳತೆ ಹಾಕಿದರೆ ಕುಪ್ಪಸದ ಕಟಿಂಗ್ ನಕ್ಷೆ ಪ್ರಿಂಟಾಗಿ ಬರುತ್ತದೆ. ಗಿರಾಕಿಗಳ ಅಳತೆ ಕೂಡಿಡಲು ಅದರೊಳಗೊಂದು ಡೇಟಾಬೇಸ್ ಇತ್ತು. ಮೊದಲು ಮಾಡಿದವರು ಕೈಬಿಟ್ಟ ಈ ಕೆಲಸವನ್ನು ಶಿವಕುಮಾರಿ ಸಂಬಳವಿಲ್ಲದೆ ಎತ್ತಿಕೊಂಡಿದ್ದಾರೆ.

ಹೋದ ಮದುವೆ ಸೀಜನ್ನಿನಲ್ಲಿ ಇದೇ ಸಾಫ್ಟ್‌ವೇರ್ ಬಳಸುವ ಪಕ್ಕದ ಗಲ್ಲಿಯ ಟೇಲರ್ ಹನುಮವ್ವನವರ ಹಳೆಯ ಕಂಪ್ಯೂಟರ್ ಕೆಟ್ಟಿತು. ರಿಪೇರಿಯಾಗಿ ಬಂದಾಗ ಡೇಟಾಬೇಸ್ ಮಾಯ. ಹೊಸದು ಆ ಯಂತ್ರಕ್ಕೆ ಹೊಂದಲಿಲ್ಲ, ಅದಿಲ್ಲದೆ ಸಾಫ್ಟ್‌ವೇರ್ ತೆರೆಯಲೇ ಇಲ್ಲ. ಹನುಮವ್ವನವರಿಗೆ ಬೆರಳಿನ ಸಂದುನೋವು. ಮಷಿನ್ ತುಳಿದಾರು, ಚಾಕ್ ಹಿಡಿದು ಗೆರೆ ಎಳೆಯಲಾರರು. ಮದುವೆ ಕುಪ್ಪಸಗಳೆಲ್ಲ ನಿಂತವು. ಆ ರಾಶಿಯಲ್ಲಿ ನನ್ನ ತಂಗಿಯ ಕುಪ್ಪಸವೂ ಇತ್ತು, ಹಾಗಾಗಿ ಈ ಬರಹ ನಿಷ್ಪಕ್ಷಪಾತವೇನಲ್ಲ.

ಅಳತೆಗೆಂದು ಹಳೆಯ ಕುಪ್ಪಸ ಕೊಡಲು ಹೋದ ಶಿವಕುಮಾರಿಯ ಮುಂದೆ ಹನುಮವ್ವ ಗೊಣಗಿದರಂತೆ: "ಎಲ್ಲಾರೂ ಅಳತಿ ಕುಬಸ ತಂದ ಕೊಡ್ತಾರವಾ. ಯಾರ ಅಳತಿನೂ ನಾ ಕೂಡಿಸಿ ಇಡಬೇಕಾಗಿಲ್ಲ. ನನಗ ಬ್ಯಾಡಾದದ್ದು ಇದಕ್ಕ ಯಾಕ ಬೇಕು?"

ಆ ಮಾತು ಶಿವಕುಮಾರಿಯ ತಲೆ ಹೊಕ್ಕಿತು. ಡೇಟಾಬೇಸ್ ಪ್ರೋಗ್ರಾಮಿನ ತುಂಬ ಹೆಣೆದುಕೊಂಡಿತ್ತು. ಒಂದು ಕಡೆ ಬಿಡಿಸಿದರೆ ಇನ್ನೊಂದು ಕಡೆ ಕಿತ್ತುಬರುತ್ತಿತ್ತು. ಬೆಳಗಿನ ಹೊತ್ತನ್ನೆಲ್ಲ ಅದಕ್ಕೇ ಸುರಿದು, ಕೊನೆಗೆ ಅದನ್ನು ಬೇರೆಯೇ ಪ್ಲಗಿನ್ ಮಾಡಿದರು. ಈಗ ಸಾಫ್ಟ್‌ವೇರ್ ತೆರೆಯುವಾಗ ಪ್ಲಗಿನ್ ಇದೆಯೇ ಎಂದು ನೋಡುತ್ತದೆ. ಇದ್ದರೆ ಜೋಡಿಸಿಕೊಳ್ಳುತ್ತದೆ, ಇಲ್ಲದಿದ್ದರೆ ತನ್ನ ಪಾಡಿಗೆ ನಕ್ಷೆ ಬರೆಯುತ್ತದೆ.

"ಸೀರಿ ಫಾಲ್ ಇದ್ದಂಗ್ರಿ," ಎನ್ನುತ್ತಾರೆ ಶಿವಕುಮಾರಿ. "ಬೇಕಾದಾಕಿ ಹಚ್ಚಿಸ್ಕೋತಾಳ, ಬ್ಯಾಡಾದಾಕಿ ಹಂಗ ಉಡ್ತಾಳ. ಫಾಲ್ ಇಲ್ಲಂತ ಸೀರಿನ ಉಡೂದಿಲ್ಲ ಅಂದ್ರ ಹೆಂಗ?"

ನನ್ನನ್ನು ಅವರು ಹನುಮವ್ವನವರ ಅಂಗಡಿಗೆ ಕರೆದೊಯ್ಯುತ್ತಾರೆ. ಹೊಲಿಯುತ್ತಲೇ ಹನುಮವ್ವ ಮಾತಿಗಿಳಿಯುತ್ತಾರೆ: "ಈಕಿ ಬಂದು ಹೊಸಾದು ಹಾಕಿಕೊಟ್ಟಳ್ರಿ. ಕುಬಸ ಎಲ್ಲಾ ಅಕ್ಕಿಕಾಳ ಬೀಳೂಕಿಂತ ಮೊದಲ ಮುಟ್ಟಿದ್ವು. ಅದನ್ನ ಮಾಡಿದವರು ಯಾರ ಅದಾರೋ, ಅವರ ಹೊಟ್ಟಿ ತಣ್ಣಗಿರಲಿ."

ಮಾಡಿದವರು ಪಕ್ಕದ ಸ್ಟೂಲಿನಲ್ಲಿ ಕೂತು ಬಿದ್ದ ಹುಕ್ಕು ಆರಿಸುತ್ತಿದ್ದಾರೆ. ತಲೆ ಎತ್ತುವುದಿಲ್ಲ.

ಹೊರಗೆ ಬಂದು, ಮಾಡಿದ್ದು ನೀವೇ ಎಂದು ಹೇಳಬಾರದಿತ್ತೇ ಎಂದು ಕೇಳುತ್ತೇನೆ.

"ಹೇಳಿದ್ರ ನನ್ನ ಕುಬಸ ಎಲ್ಲಾರಕಿಂತ ಮೊದಲ ಹೊಲೀತಾರ್ರಿ. ಪಾಳಿ ಮುರಿಯೂದು ನನಗ ಸೇರೂದಿಲ್ಲ." ಸ್ಟೇಷನ್ ಕಡೆ ಹೆಜ್ಜೆ ಹಾಕಿದವರು ತಿರುಗಿ ನಿಲ್ಲುತ್ತಾರೆ. "ನೀವ ಬರಿಯೂದನ್ನ ಹನುಮವ್ವ ಕಾಕೂಗ ತೋರಸಬ್ಯಾಡ್ರಿ ಮತ್ತ. ಆಶೀರ್ವಾದ ಹೆಂಗೂ ಮುಟ್ಟೇತಿ."