ಗೌರಮ್ಮನ ತೊಲೆ ಸುತ್ತು

ಆ ಶುಕ್ರವಾರ ಬೆಳಿಗ್ಗೆಯೂ ಎಂದಿನಂತೆ ಎರಡು ಲೋಟ ತೊಳೆದು, ಒಂದಕ್ಕೆ ಮಾತ್ರ ಕಾಫಿ ಬಗ್ಗಿಸಿಕೊಂಡೆ. ನನ್ನ ಯಜಮಾನರು ಬಿತ್ತನೆ ಬೀಜದ ಕಂಪನಿಯ ಕೆಲಸದ ಮೇಲೆ ಶಿವನಿ, ಅಜ್ಜಂಪುರ, ಅದರಾಚೆ ಎಂದು ವಾರವೆಲ್ಲ ತಿರುಗುವವರು. ಮನೆಗೆ ಬರುವುದು ಶನಿವಾರ ಸಂಜೆ. ಸಕ್ಕರೆ ಕದಡುವಾಗ ಚಮಚ ಲೋಟಕ್ಕೆ ತಾಗುವ ಸದ್ದು ಎಷ್ಟು ದೊಡ್ಡದೆಂದು ಮನೆಯಲ್ಲಿ ಒಬ್ಬರೇ ಇರುವವರಿಗೆ ಗೊತ್ತು. ಗ್ಯಾಸ್ ಆರಿಸಿದ್ದೇನೆಯೇ ಎಂದು ಮತ್ತೊಮ್ಮೆ ಹೋಗಿ ನೋಡಿ, ಬೀಗ ಹಾಕಿ ಹೊರಟೆ.

ಕೋವಿಡ್ಡಿನ ಕಾಟ ಮುಗಿದು ಜನ ಮಾಸ್ಕ್ ಮರೆತಿದ್ದ ಕಾಲ. ಕಡೂರಿನಲ್ಲಿ ಕೆಲವರು ಸೇರಿ ನಡೆಸುತ್ತಿದ್ದ ಒಂದು ಪುಟ್ಟ ಧರ್ಮಾರ್ಥ ಕ್ಲಿನಿಕ್ಕಿನಲ್ಲಿ ನಾನು ವಾರಕ್ಕೆ ಎರಡು ದಿನ ಇಂಟರ್‌ಪ್ರಿಟರ್ ಆಗಿದ್ದೆ. ಅಂದರೆ ರೋಗಿಯ ಕನ್ನಡವನ್ನು ಡಾಕ್ಟರಿಗೆ ಇಂಗ್ಲಿಷಿನಲ್ಲೂ ಡಾಕ್ಟರ ಇಂಗ್ಲಿಷನ್ನು ರೋಗಿಗೆ ಕನ್ನಡದಲ್ಲೂ ಹೇಳುವ ಕೆಲಸ. ಡಾಕ್ಟರ್ ನೇಹಾ ಉತ್ತರದ ಕಡೆಯವರು. 'ನೋವಾ?', 'ಜ್ವರಾನಾ?', 'ಊಟ ಆಯ್ತಾ?' ಇಷ್ಟನ್ನು ಕಲಿತಿದ್ದರು. ತರೀಕೆರೆಯ ಕಾನ್ವೆಂಟಿನಲ್ಲಿ ನಾನು ಕಲಿತ ಇಂಗ್ಲಿಷು ಮದುವೆಯಾದ ಮೇಲೆ ಮಡಿಚಿಟ್ಟ ಸೀರೆಯಂತೆ ಹಾಗೇ ಇತ್ತು. ಅದು ಹೊರಗೆ ಬಂದದ್ದು ಇಲ್ಲಿ. ನಿಜ ಹೇಳಬೇಕೆಂದರೆ, ವಾರದಲ್ಲಿ ನನ್ನ ಧ್ವನಿ ನನಗೇ ಚೆನ್ನಾಗಿ ಕೇಳುತ್ತಿದ್ದದ್ದು ಆ ಎರಡು ದಿನ.

ಅವತ್ತು ಪಂಚನಹಳ್ಳಿಯ ಕಡೆಯಿಂದ ಗೌರಮ್ಮ ಎಂಬವರು ಸೊಸೆ ಸುಧಾಳ ಜೊತೆ ಬಂದರು. ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತು, ಬಸ್ಸಿನಲ್ಲಿ, ನಡೆದು, ಊರೂರು ಸುತ್ತಿ, ಹಳೆ ಸೀರೆಗೆ ಪಾತ್ರೆ ಕೊಟ್ಟು ಬರುವುದು ಅವರ ಕಸುಬು. ಹೋದ ಬೇಸಿಗೆಯಿಂದ ಅದು ನಿಂತಿತ್ತು. ತಲೆಸುತ್ತು ಎಂದು ಬೇರೆಲ್ಲೋ ತೋರಿಸಿದ್ದರು. ಯಾವಾಗ ಬರುತ್ತದೆ ಎಂದು ಅಲ್ಲಿನ ಡಾಕ್ಟರು ಕೇಳಿದರು. ಇವರು "ತಿರುಗಿದ್ರೆ ಬತ್ತದೆ" ಅಂದರು. "ಹಾಗಾದ್ರೆ ತಿರುಗಬೇಡಿ" ಎಂದು ಅವರು ಹೇಳಿ ಕಳಿಸಿದರು. ಅವತ್ತೇ ಮಗ ಬುಟ್ಟಿಯನ್ನು ಅಟ್ಟಕ್ಕೆ ಹಾಕಿದನಂತೆ.

"ಇವತ್ತು ನೀವೂ ಬ್ಯಾಡ ಅಂದ್ರೆ ಆ ಊರುಗಳನ್ನೆಲ್ಲ ಬೇರೆಯೋರಿಗೆ ಬಿಟ್ಟುಕೊಡೋದು ಅಂತ ಮಾತಾಗೈತೆ ಮೇಡಂ," ಎಂದಳು ಸುಧಾ. "ಅವ್ರು ನಾಳೆಯಿಂದ್ಲೇ ಹೋಗ್ತೀವಿ ಅಂತವ್ರೆ."

"ಬಿಟ್ಟುಕೊಡದೆ ಇನ್ನೇನು," ಎಂದರು ಗೌರಮ್ಮ, ಕಿಟಕಿಯ ಕಡೆ ನೋಡುತ್ತ. "ಸಖರಾಯಪಟ್ಟಣದಾಗೆ ಒಬ್ಳು ಸೀರೆ ಎತ್ತಿಟ್ಕೊಂಡು ಕಾಯ್ತಾ ಅವ್ಳೆ. ಅವ್ಳ ಮಗಳಿಗೆ ಹೆರಿಗೆ ಆಯ್ತೋ ಇಲ್ವೋ, ಅದೂ ಗೊತ್ತಿಲ್ಲ ನಂಗೆ. ಮನೇಲಿ ಕೂತ್ರೆ ಯಾರು ಬಂದು ಹೇಳ್ತಾರೆ?"

ಅವರ ಸೆರಗಿನ ತುದಿ ಹಿಂಡಿ ಹಿಂಡಿ ಸುಕ್ಕುಗಟ್ಟಿತ್ತು. ಮಾತಾಡಲು ಯಾರೂ ಸಿಗದವರ ಕೈ ಏನನ್ನಾದರೂ ಹಿಡಿದುಕೊಂಡೇ ಇರುತ್ತದೆ. ನನಗೆ ಅದು ಬೇಗ ಕಣ್ಣಿಗೆ ಬೀಳುತ್ತದೆ.

ಡಾಕ್ಟರು ಮೊದಲು ಕೇಳಿಸಿದ ಪ್ರಶ್ನೆ ಇದು: ಇವರಿಗೆ ತಲೆ ಹಗುರಾದಂತೆ ಆಗುತ್ತದೆಯೋ, ಅಥವಾ ಸುತ್ತಲಿನ ವಸ್ತುಗಳು ತಿರುಗುತ್ತವೆಯೋ? ಮೊದಲನೆಯದು ರಕ್ತ ಕಡಿಮೆಯಾದರೂ ಬರಬಹುದು, ಉಪವಾಸದಿಂದಲೂ ಬರಬಹುದು. ಎರಡನೆಯದಕ್ಕೆ ವರ್ಟಿಗೋ ಎನ್ನುತ್ತಾರೆ. ನಮ್ಮಲ್ಲಿ ಎರಡಕ್ಕೂ ತಲೆಸುತ್ತು ಎಂಬ ಒಂದೇ ಮಾತು. ಕಾನ್ವೆಂಟಿನಲ್ಲಿ ಒಮ್ಮೆ ನನ್ನ ಗೆಳತಿ ಅದನ್ನೇ ಇಂಗ್ಲಿಷಿಗೆ ತಿರುಗಿಸಿ ತಲೆ ರೊಟೇಟ್ ಆಗುತ್ತಿದೆ ಎಂದಾಗ, ಸಿಸ್ಟರ್ ಅವಳ ಕತ್ತನ್ನು ಮುಟ್ಟಿ, ಇಲ್ಲವಲ್ಲ, ಅಲ್ಲೇ ಇದೆ ಎಂದಿದ್ದರು. ಅದು ನೆನಪಾಗಿ ನಾನು ಪ್ರಶ್ನೆಯನ್ನು ಬೇರೆ ರೀತಿ ಕೇಳಿದೆ.

"ಗೌರಮ್ಮಾ, ಸುತ್ತೋದು ನಿಮ್ಮ ತಲೆಯಾ?"

"ತಲೆ ಯಾಕೆ ಸುತ್ತುತ್ತೆ ಕಣಮ್ಮ? ತಲೆ ಎಲ್ಲೈತೋ ಅಲ್ಲೇ ಐತೆ. ಸುತ್ತೋದು ತೊಲೆ."

"ತೊಲೇನಾ?"

"ಹೂಂ, ಅಟ್ಟದ ತೊಲೆ. ಬುಗುರಿ ಹಂಗೆ ಗಿರಗಿರ ಅಂತದೆ. ಒಂದ್ ಗಳಿಗೆ, ಆಮೇಲೆ ನಿಂತ್ಕಂತದೆ."

ಸುಧಾ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಅದನ್ನು ಡಾಕ್ಟರಿಗೆ ಹೇಳುತ್ತಿರುವಾಗಲೇ ನನಗೊಂದು ಅನುಮಾನ ಬಂತು. ಪಾತ್ರೆ ಮಾರಲು ಬೀದಿಯಲ್ಲಿ ಹೋಗುವವರಿಗೆ ತೊಲೆ ಎಲ್ಲಿಂದ ಕಾಣಬೇಕು?

"ತೊಲೆ ಕಾಣೋದು ಮಲಗಿದಾಗ ಅಲ್ವಾ?"

"ಮತ್ತೆ? ಗೋಡೆ ಹತ್ತಿ ನೋಡಕ್ಕೆ ನಾನೇನು ಹಲ್ಲೀನಾ?"

"ಮತ್ತೆ ತಿರುಗಿದ್ರೆ ಬರ್ತದೆ ಅಂದ್ರಲ್ಲ."

"ತಿರುಗಿದ್ರೇ ಬರೋದು. ಎಡಕ್ಕೆ ಮಲಗಿದ್ದೋಳು ಬಲಮಗ್ಗುಲಿಗೆ ತಿರುಗಿದ್ರೆ."

ಸುಧಾಳ ನಗು ನಿಂತಿತು. "ಅತ್ತೇ, ಹಾಸಿಗೇಲಿ ತಿರುಗಿದ್ರಾ? ಊರು ತಿರುಗಿದ್ರೆ ಅಲ್ವಾ?"

"ಊರು ತಿರುಗಿದ್ರೆ ಏನಾಯ್ತದೆ? ಕಾಲು ನೋಯ್ತದೆ ಅಷ್ಟೆ."

"ಮತ್ತೆ ಅವತ್ಯಾಕೆ ಹೇಳ್ಲಿಲ್ಲ?"

"ಡಾಕ್ಟ್ರು ತಿರುಗಬ್ಯಾಡ ಅಂದ್ರು. ನಿನ್ ಗಂಡ ಬುಟ್ಟಿ ಮೇಲಾಕ್ದ. ನನ್ನ ಯಾರೇ ಕೇಳಿದ್ರು?"

ನಾನು ಡಾಕ್ಟರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಮಗ್ಗುಲು ಬದಲಿಸುವುದಕ್ಕೂ ಅಲೆದಾಡುವುದಕ್ಕೂ ನಮ್ಮಲ್ಲಿ ತಿರುಗುವುದು ಎಂದೇ ಹೇಳುತ್ತಾರೆ ಎಂದೆ. ಅವರು ಪೆನ್ನು ಕೆಳಗಿಟ್ಟು, ಗೌರಮ್ಮನನ್ನು ಮಂಚದ ಮೇಲೆ ಕೂರಿಸಿ, ಕತ್ತನ್ನು ಬಲಕ್ಕೆ ತಿರುಗಿಸಿ, ಸರಕ್ಕನೆ ಹಿಂದಕ್ಕೆ ಮಲಗಿಸಿದರು. ತಲೆ ಮಂಚದ ಅಂಚಿನಿಂದ ಸ್ವಲ್ಪ ಕೆಳಗೆ ಬಾಗಿತ್ತು. ಗೌರಮ್ಮ ನನ್ನ ಮುಂಗೈ ಗಟ್ಟಿಯಾಗಿ ಹಿಡಿದುಕೊಂಡರು.

"ಸುತ್ತುತ್ತಾ ಇದೆಯಾ?"

"ಇಲ್ಲಿ ತೊಲೆ ಇಲ್ವಲ್ಲಮ್ಮ. ಫ್ಯಾನು ತಿರುಗ್ತಾ ಐತೆ."

ನಾನು ಮೇಲೆ ನೋಡಿದೆ. ಬೆಳಿಗ್ಗೆಯಿಂದ ಕರೆಂಟಿರಲಿಲ್ಲ, ಫ್ಯಾನಿನ ರೆಕ್ಕೆಗಳ ಮೇಲಿನ ಧೂಳು ಸಹ ಅಲುಗುತ್ತಿರಲಿಲ್ಲ. ಗೌರಮ್ಮನ ಕಣ್ಣುಗುಡ್ಡೆಗಳು ಮಾತ್ರ ತಮ್ಮಷ್ಟಕ್ಕೆ ಒಂದೇ ಕಡೆಗೆ ಪಟಪಟ ಹೊರಳುತ್ತಿದ್ದವು. ಡಾಕ್ಟರು ನೋಡಬೇಕೆಂದಿದ್ದದ್ದು ಅದನ್ನೇ.

ಒಳಗಿವಿಯಲ್ಲಿ ಬಳೆಯಂತೆ ಬಾಗಿದ ಸಣ್ಣ ಕೊಳವೆಗಳಿವೆ. ಸುಣ್ಣದ ಹರಳಿನಂಥ ಸೂಕ್ಷ್ಮ ಕಣಗಳು ಜಾರಿ ಅವುಗಳೊಳಗೆ ಸೇರಿಕೊಂಡರೆ, ಮಗ್ಗುಲು ಬದಲಿಸಿದಾಗ ಲೋಕವೆಲ್ಲ ತಿರುಗಿದಂತೆ ಕಾಣುತ್ತದೆ. ಇದು ಪ್ರಾಣಕ್ಕೆ ಅಪಾಯದ್ದಲ್ಲ. ತಲೆಯನ್ನು ಹಂತಹಂತವಾಗಿ ತಿರುಗಿಸಿ ಆ ಕಣಗಳನ್ನು ಹೊರಗೆ ಉರುಳಿಸಬಹುದು. ಡಾಕ್ಟರು ಪ್ರತಿ ಹಂತಕ್ಕೂ 'ಟರ್ನ್' ಎಂಬ ಒಂದೇ ಮಾತು ಹೇಳುತ್ತಿದ್ದರು. ನಾನು ಅವರ ಕೈ ನೋಡಿಕೊಂಡು ಕನ್ನಡ ಆರಿಸಿದೆ: "ಕತ್ತು ಮಾತ್ರ ತಿರುಗಿಸಿ. ಈಗ ಮೈ ಹೊರಳಿಸಿ. ಇನ್ನೂ ಹೊರಳಿ, ಮೂಗು ನೆಲದ ಕಡೆಗೆ. ನಿಧಾನಕ್ಕೆ ಏಳಿ."

ಎದ್ದು ಕುಳಿತವರನ್ನು ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿಸಿದರು. ಗೌರಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು.

"ಕಣ್ಣು ಬಿಡಿ. ಫ್ಯಾನ್ ನೋಡಿ."

ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು.

"ನಿಂತೈತೆ," ಎಂದರು ಮೆಲ್ಲಗೆ. "ಕರೆಂಟ್ ಹೋಯ್ತಾ?"

ಈ ಸಲ ಡಾಕ್ಟರಿಗೂ ಅನುವಾದ ಬೇಕಾಗಲಿಲ್ಲ.

ಮತ್ತೆ ಬಂದರೂ ಬರಬಹುದು, ಬಂದರೆ ಇಲ್ಲಿಗೇ ಬನ್ನಿ, ಸದ್ಯಕ್ಕೆ ತಲೆಯ ಮೇಲೆ ಭಾರ ಬೇಡ, ಓಡಾಟಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರು ಹೇಳಿದರು. ನಾನು ತಿರುಗಬಹುದು ಎಂದು ಬಾಯಿ ತೆರೆದವಳು ತಡೆದುಕೊಂಡೆ. "ಊರೂರು ತಿರುಗಬಹುದು ಗೌರಮ್ಮಾ. ಹಾಸಿಗೇಲಿ ತಿರುಗುವಾಗ ಮಾತ್ರ ನಿಧಾನ."

ಸುಧಾ ತಲೆ ತಗ್ಗಿಸಿ ನಿಂತಿದ್ದಳು. "ನಾವೇ ನಿಮ್ಮನ್ನ ಕಟ್ಟಾಕ್ಬಿಟ್ವಲ್ಲ ಅತ್ತೆ."

"ಹೋಗ್ಲಿ ಬಿಡೇ. ಮೊದ್ಲು ಗಂಡಂಗೆ ಫೋನ್ ಮಾಡು, ಬುಟ್ಟಿ ಇಳ್ಸಕ್ಕೆ. ತಲೆ ಮ್ಯಾಲೆ ಬ್ಯಾಡ ಅಂದ್ರೆ ಸೊಂಟದಾಗೆ ಇಟ್ಕಂಡು ಹೋಯ್ತೀನಿ. ಆ ನಾಳೆ ಹೋಗ್ತೀವಿ ಅಂದೋರಿಗೂ ಹೇಳು, ಗೌರಮ್ಮ ಇನ್ನೂ ಅವ್ಳೆ ಅಂತ."

ಬಾಗಿಲವರೆಗೆ ಹೋದವರು ಹಿಂದಿರುಗಿ ಬಂದು ನನ್ನ ಮುಂಗೈಯನ್ನು ಸವರಿದರು. ಅಲ್ಲಿ ಅವರ ಉಗುರಿನ ಗುರುತು ಕೆಂಪಗೆ ಮೂಡಿತ್ತು. ಅಷ್ಟು ಗಟ್ಟಿಯಾಗಿ ನನ್ನ ಕೈಯನ್ನು ಯಾರೂ ಹಿಡಿದು ಬಹಳ ದಿನವಾಗಿತ್ತು.

ಆಮೇಲೆ ನಾನು ಎಷ್ಟೋ ರೋಗಿಗಳ ಮಾತನ್ನು ದಾಟಿಸಿದ್ದೇನೆ. ಆ ಕೆಲಸ ನನಗೆ ಕಲಿಸಿದ್ದು ಇಷ್ಟು: ಒಂದು ಮಾತಿನ ಅರ್ಥ ಹುಡುಕುವ ಮೊದಲು, ಅದನ್ನು ಆಡಿದವರು ಆ ಹೊತ್ತಿನಲ್ಲಿ ಎಲ್ಲಿದ್ದರು, ಅವರ ಕಣ್ಣಿಗೆ ಏನು ಕಾಣುತ್ತಿತ್ತು ಎಂದು ಕೇಳಬೇಕು. ಗೌರಮ್ಮನನ್ನು ಅದೊಂದನ್ನು ಯಾರೂ ಕೇಳಿರಲಿಲ್ಲ.

ಸಂಜೆ ಮನೆಗೆ ಬಂದು ಒಂದೇ ಲೋಟ ಕಾಫಿ ಕುಡಿದು, ಒಣಗಿದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ಮುಂಗೈಯ ಗುರುತು ಇನ್ನೂ ಮಾಸಿರಲಿಲ್ಲ. ಕಾಂಪೌಂಡಿನ ಆಚೆ ಪಕ್ಕದ ಮನೆಯ ಸರೋಜಮ್ಮ ಕರಿಬೇವು ಕೀಳುತ್ತಿದ್ದರು. ಅವರೂ ಒಬ್ಬರೇ ಇರುವವರು. ಎದುರಾದಾಗ ನಾವು ನಕ್ಕು ಒಳಗೆ ಹೋಗುತ್ತಿದ್ದೆವು, ಅಷ್ಟೆ.

"ಏನ್ರೀ, ಬೆಳಿಗ್ಗೆಯಿಂದ ಬೀಗ. ಎಲ್ಲಿ ತಿರುಗಕ್ಕೆ ಹೋಗಿದ್ರಿ?" ಎಂದರು, ಕೈಲಿದ್ದ ಕಡ್ಡಿಯಿಂದ ಎಲೆ ಬಿಡಿಸುತ್ತಲೇ. "ನಮ್ಮನೆ ಕಡೆ ಮಾತ್ರ ಒಂದಿನಾನೂ ತಿರುಗಿ ನೋಡಲ್ಲ ನೀವು."