ಎರಡು ಬಡಿತ, ಆಮೇಲೆ ಒಂದು

ದೆವ್ವ ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಮಾಷೆ. ಮಾಲೂರಿನ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಣಸೆಮರದ ಮೋಹಿನಿಯ ವಿಷಯ ತೆಗೆದರೆ, "ಆಯಮ್ಮಂಗೆ ಆಧಾರ್ ಕಾರ್ಡ್ ಆಗಿದೆಯಾ ಕೇಳಿ" ಎಂದು ಬಾಯಿ ಮುಚ್ಚಿಸುತ್ತಿದ್ದೆ. ಶಬ್ದ ಎಂದರೆ ಕಂಪನ, ಕಂಪನ ಇದ್ದರೆ ಅದಕ್ಕೆ ಕಾರಣವೂ ಇರಲೇಬೇಕು ಎಂದು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈಗಲೂ ಬರೆಯುತ್ತೇನೆ. ನೀವು ಇದನ್ನು ನಂಬಲೇಬೇಕೆಂದು ನನ್ನ ಹಟವೇನಿಲ್ಲ. ನೀವು ಹೇಳಿ ನಾನು ಕೇಳುತ್ತಿದ್ದಿದ್ದರೆ ನಾನೂ ನಂಬುತ್ತಿರಲಿಲ್ಲ.

ಮುಳಬಾಗಿಲು ದಾಟಿ ಆಂಧ್ರದ ಕಡೆ ಹೋಗುವ ಹೆದ್ದಾರಿಯಿಂದ ಸ್ವಲ್ಪ ಒಳಗೆ ನನ್ನ ತಾಯಿಯ ತವರೂರು. ಅಲ್ಲಿ ನನ್ನ ಸೋದರಮಾವ ಟೊಮೇಟೊ ಬೆಳೆಯುತ್ತಾರೆ. ಅವರ ಜೊತೆಗೇ ಇದ್ದವರು ಅವರ ತಾಯಿ, ಅಂದರೆ ನನ್ನ ಅಜ್ಜಿ ಗಂಗಮ್ಮ. ನಮ್ಮಲ್ಲಿ ಅರ್ಧ ಮಾತು ಕನ್ನಡ, ಅರ್ಧ ಮಾತು ತೆಲುಗು. ಅಜ್ಜಿಗೆ ಕೋಪ ಬಂದರೆ ಪೂರ್ತಿ ತೆಲುಗು. ಅಜ್ಜಿಯ ಮನೆಗೆ ಹೋದರೆ ಸುಮ್ಮನೆ ಬಾಗಿಲು ತಳ್ಳಿಕೊಂಡು ನುಗ್ಗುವ ಹಾಗಿರಲಿಲ್ಲ. ಬಾಗಿಲ ಮೇಲೆ ಎರಡು ಸಲ ಬಡಿಯಬೇಕು, ಸ್ವಲ್ಪ ಬಿಟ್ಟು ಇನ್ನೊಂದು ಸಲ. ಒಳಗಿನಿಂದ ಅಜ್ಜಿ ಸೌಟಿನಲ್ಲಿ ಪಾತ್ರೆಗೆ ಒಂದೇ ಒಂದು ಏಟು ಕೊಡುತ್ತಿದ್ದರು. ಆಮೇಲೆ ಬಾಗಿಲು ತೆಗೆಯುತ್ತಿತ್ತು. ಮಕ್ಕಳಾಗಿದ್ದ ನಮಗೆ ಅದು ಆಟ. ಅಜ್ಜಿಗೆ ಅದು ಆಟವಾಗಿರಲಿಲ್ಲ ಎಂದು ತಿಳಿದದ್ದು ದೊಡ್ಡವಳಾದ ಮೇಲೆ.

ಅಜ್ಜಿಯ ಅಪ್ಪ ಬಾವಿ ತೋಡುವವರು. ಆ ಕಸುಬಿನಲ್ಲಿ ಒಂದು ಕಟ್ಟುಪಾಡಿತ್ತಂತೆ. ಆಳದಲ್ಲಿ ಇಳಿದವನ ಕೂಗು ಮೇಲಕ್ಕೆ ಸರಿಯಾಗಿ ಕೇಳುವುದಿಲ್ಲ. ಹಾಗಾಗಿ ಅವನು ಹಾರೆಯಿಂದ ಬಂಡೆಗೆ ಎರಡು ಏಟು ಹಾಕಿ, ತಡೆದು, ಇನ್ನೊಂದು ಹಾಕಿದರೆ 'ನನ್ನನ್ನು ಮೇಲಕ್ಕೆ ಎಳೆಯಿರಿ' ಎಂದು ಅರ್ಥ. ಮೇಲಿನವರು ಕಲ್ಲಿನಿಂದ ಬಾವಿಯ ಅಂಚಿಗೆ ಒಂದು ಏಟು ಕೊಡಬೇಕು. ಅದಕ್ಕೆ ಜವಾಬು ಎನ್ನುತ್ತಿದ್ದರು. ಜವಾಬು ಕೊಟ್ಟ ಮೇಲೆ ಆಕಾಶ ಕಳಚಿಬಿದ್ದರೂ ಹಗ್ಗ ಎಳೆಯಲೇಬೇಕು. ಎಳೆಯಲಾಗದವನು ಜವಾಬು ಕೊಡಬಾರದು.

ಮಹಾಯುದ್ಧದ ಕಾಲದಲ್ಲಿ, ಅಜ್ಜಿ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಹಡಗಿನ ಕೆಲಸಕ್ಕೆ ಜನ ಬೇಕೆಂದು ಸುದ್ದಿ ಬಂದು ಆಯಪ್ಪ, ಅಂದರೆ ಅಜ್ಜಿಯ ಅಪ್ಪ, ಬೊಂಬಾಯಿಗೆ ಹೋದರು. ಜೊತೆಗೆ ಶ್ರೀನಿವಾಸಪುರದ ಬಾಷು ಸಾಬರು. ಸಮುದ್ರವನ್ನೇ ಕಾಣದ ಇಬ್ಬರನ್ನೂ ಎಂಜಿನ್ನಿನ ಒಲೆಗೆ ಕಲ್ಲಿದ್ದಲು ತುಂಬಲು ಹಡಗಿನ ಹೊಟ್ಟೆಯೊಳಗೆ ಇಳಿಸಿದರು. ಬಾವಿ ತೋಡುವವನಿಗೆ ಅದೇನು ಹೊಸದಲ್ಲ ಎಂದು ಆಯಪ್ಪ ನಗುತ್ತಿದ್ದರಂತೆ.

ಯುದ್ಧ ಮುಗಿದ ಮೇಲೆ ವಾಪಸು ಬಂದದ್ದು ಬಾಷು ಸಾಬರು ಒಬ್ಬರೇ. ಅಂಗಳದಲ್ಲಿ ಕುಳಿತು ಅವರು ಅಜ್ಜಿಯ ತಾಯಿಗೆ ಹೇಳಿದ್ದನ್ನು ಆರೇಳು ವರ್ಷದ ಅಜ್ಜಿ ಕಂಬದ ಹಿಂದೆ ನಿಂತು ಕೇಳಿಸಿಕೊಂಡಿದ್ದರು. ಮೆಡಿಟರೇನಿಯನ್ ಕಡೆಯ ಸೈನ್ಯಕ್ಕೆ ಸಾಮಾನು ತುಂಬಿಕೊಂಡು ಹಡಗುಗಳು ಹಿಂಡಾಗಿ ಅಟ್ಲಾಂಟಿಕ್ ಸಮುದ್ರದಲ್ಲಿ ಹೋಗುತ್ತಿದ್ದವಂತೆ. ಒಂದು ದೀಪವನ್ನೂ ಹಚ್ಚುವ ಹಾಗಿಲ್ಲ. ಸುತ್ತ ಕಾವಲಿಗೆ ಯುದ್ಧದ ಹಡಗುಗಳಿದ್ದರೂ ನೀರಿನ ಕೆಳಗಿನಿಂದ ಬರುವ ಜರ್ಮನರ ಸಬ್‌ಮರೀನು ಕಣ್ಣಿಗೆ ಬೀಳುತ್ತಿರಲಿಲ್ಲ. ಒಂದು ಹಡಗಿಗೆ ಏಟು ಬಿದ್ದರೆ ಉಳಿದವು ನಿಲ್ಲಬಾರದೆಂದು ಹುಕುಂ. ಇವರ ಹಡಗಿನ ಪಕ್ಕೆಗೆ ಟಾರ್ಪಿಡೊ ಬಡಿದಾಗ ಆಯಪ್ಪ ಇನ್ನೂ ಮೂವರ ಜೊತೆ ಕಲ್ಲಿದ್ದಲಿನ ಕೋಣೆಯಲ್ಲಿದ್ದರು. ಆ ಕೋಣೆಗೆ ನೀರು ನುಗ್ಗುತ್ತಿತ್ತು. ಎಂಜಿನ್ನಿನ ಕಡೆಗೆ ನೀರು ಬಂದರೆ ಹಡಗೇ ಹೋಗುತ್ತದೆಂದು ನಡುವಿನ ಕಬ್ಬಿಣದ ಬಾಗಿಲನ್ನು ಮುಚ್ಚಿಬಿಟ್ಟರು. ಬಾಷು ಸಾಬರು ಬಾಗಿಲಿನ ಈಚೆಗಿದ್ದರು.

ಆಚೆಯಿಂದ ಬಡಿತ ಶುರುವಾಯಿತು. ಎರಡು, ಆಮೇಲೆ ಒಂದು. ಹಡಗಿನಲ್ಲಿ ಅದರ ಅರ್ಥ ಗೊತ್ತಿದ್ದವರು ಬಾಷು ಸಾಬರು ಮಾತ್ರ. ಬಿಡುವಿದ್ದಾಗ ಆಯಪ್ಪ ಬಾವಿಯ ಕಥೆಗಳನ್ನೆಲ್ಲ ಅವರಿಗೆ ಹೇಳಿದ್ದರು. ಮೊದಲು ಒಬ್ಬರ ಬಡಿತ. ಆಮೇಲೆ ನಾಲ್ವರದೂ ಒಟ್ಟಿಗೆ. ಹೇಗೆ ಬಡಿಯಬೇಕೆಂದು ಆಯಪ್ಪ ಉಳಿದವರಿಗೂ ಕಲಿಸಿರಬೇಕು. ಬಾಷು ಸಾಬರು ಸಲಿಕೆಯನ್ನು ಎತ್ತಿ ಹಾಗೇ ಕೆಳಗಿಟ್ಟರಂತೆ. "ಜವಾಬು ಕೊಟ್ರೆ ಬರ್ತೀವಿ ಅಂತ ಆಗ್ತದೆ ತಂಗಿ. ಬಾಗ್ಲು ತೆಗೆಯೋ ಹಾಗಿಲ್ಲ. ಸಾಯೋರಿಗೆ ಝೂಟ್ ಹೆಂಗೆ ಹೇಳ್ಲಿ?" ಎಂದು ಅತ್ತರಂತೆ. ಹಿಂಡಿನಿಂದ ಹಿಂದೆ ಬಿದ್ದ ಇವರ ಹಡಗಿಗೆ ಮಾರನೆಯ ದಿನ ಇನ್ನೊಂದು ಟಾರ್ಪಿಡೊ ಬಿತ್ತು. ಉಳಿದವರು ದೋಣಿಗೆ ಹಾರಿದರು. ದೋಣಿಯಲ್ಲಿ ಕೂತ ಮೇಲೂ ಹಡಗಿನ ಪಕ್ಕೆಯಿಂದ ಬಡಿತ ಕೇಳುತ್ತಿತ್ತು ಎಂದರು ಸಾಬರು. ಹಡಗು ಮುಳುಗಿತು.

ಅಜ್ಜಿಯ ತಾಯಿ ಕುಂಕುಮ ಅಳಿಸಲಿಲ್ಲ, ಬಳೆ ಒಡೆಯಲಿಲ್ಲ. ಪಿತೃಪಕ್ಷದಲ್ಲಿ ನಮ್ಮ ಕಡೆ ಹಿರಿಯರ ಬಟ್ಟೆ ಇಟ್ಟು, ಬಾಳೆ ಎಲೆ ಹಾಕಿ ಎಡೆ ಇಡುತ್ತಾರೆ. ಆಯಪ್ಪನಿಗೆ ಮಾತ್ರ ಎಡೆಯಿಲ್ಲ. "ಬಾವಿಯಾಗೆ ಇರೋನಿಗೆ ಬುತ್ತಿ ಇಳಿಸ್ತಾರೆ, ಎಡೆ ಇಡ್ತಾರೇನು?" ಎಂದು ಆಕೆ ಕೇಳುತ್ತಿದ್ದಳಂತೆ. ಆಕೆ ಹೋದ ಮೇಲೆ ಅಜ್ಜಿಯೂ ಹಾಗೇ ನಡೆಸಿಕೊಂಡು ಬಂದರು. ಅಪ್ಪನ ಮುಖ ಅವರಿಗೆ ನೆನಪಿರಲಿಲ್ಲ. ಅವರಿಗಿದ್ದದ್ದು ಆ ಬಡಿತ ಒಂದೇ. ವಯಸ್ಸಾದಂತೆ ಅವರಿಗೆ ಒಂದೇ ಚಿಂತೆ ಹತ್ತಿತು. "ನಾನೂ ಹೊಂಟೋದ್ರೆ ಆಯಪ್ಪಂಗೆ ಜವಾಬು ಕೊಡೋರು ಯಾರೇ ಪಾಪಾ?" ಎಂದು ನನ್ನ ಕೈ ಹಿಡಿದು ಕೇಳುತ್ತಿದ್ದರು. ನಾನು ನಕ್ಕು ಮಾತು ತೇಲಿಸುತ್ತಿದ್ದೆ.

ಈಗ ಆ ದಿನಕ್ಕೆ ಬರುತ್ತೇನೆ. ಕೊರೊನಾ ಬರುವುದಕ್ಕೆ ಮೊದಲಿನ ಮಾತು. ಪಿತೃಪಕ್ಷ ನಡೆಯುತ್ತಿತ್ತು, ಅಮಾವಾಸ್ಯೆ ಹತ್ತಿರ ಬಂದಿತ್ತು. ಮಾವನ ಹೊಲದ ಬೋರು ಪೂರ್ತಿ ಬತ್ತಿ ಬರೀ ಗಾಳಿ ಉಗುಳುತ್ತಿತ್ತು. ಒಳಗಿದ್ದ ಮೋಟರನ್ನಾದರೂ ತೆಗೆದು ಬೇರೆ ಬೋರಿಗೆ ಹಾಕೋಣವೆಂದು ಮಾವ ಮೋಟರ್ ಎತ್ತುವವರನ್ನು ಕರೆಸಿದ್ದರು. ಊರಿಗೆ ಹೋಗಿದ್ದ ನಾನು ಟೊಮೇಟೊ ಸಾಲಿನ ಬದುವಿನ ಮೇಲೆ ಕುಳಿತು ನೋಡುತ್ತಿದ್ದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು ನಿಲ್ಲಿಸಿ, ಚೈನಿನಿಂದ ಒಂದೊಂದೇ ಪೈಪು ಎಳೆದು ಬಿಚ್ಚಿಡುತ್ತಿದ್ದರು. ಅರ್ಧದಷ್ಟು ಪೈಪು ಮೇಲೆ ಬಂದಿರಬೇಕು, ಉಳಿದದ್ದಕ್ಕೆ ಕ್ಲ್ಯಾಂಪು ಬಿಗಿದು ಎಲ್ಲರೂ ಹೊಂಗೆಮರದ ನೆರಳಿಗೆ ಊಟಕ್ಕೆ ಹೋದರು. ಕಣ್ಣು ಕುಕ್ಕುವ ಬಿಸಿಲು.

ಟಕ್ ಟಕ್ ಎಂದಿತು. ಮತ್ತೆ ಟಕ್ ಎಂದಿತು.

ನೇತಾಡುತ್ತಿರುವ ಮೋಟರು ಬೋರಿನ ಗೋಡೆಗೆ ತಾಗುತ್ತಿದೆ ಎಂದುಕೊಂಡೆ. ಬಿಸಿಲಿಗೆ ಪೈಪು ಹಿಗ್ಗುತ್ತಿರಬಹುದು ಎಂದೂ ಅನ್ನಿಸಿತು. ನಾನು ಟೀಚರ್ ಅಲ್ಲವೇ, ಕಾರಣಗಳಿಗೆ ಬರವಿಲ್ಲ. ಆದರೆ ಅದು ನಿಲ್ಲಲಿಲ್ಲ. ಎರಡು, ಬಿಡುವು, ಒಂದು. ಪ್ರತಿ ಸಲವೂ ಅಷ್ಟೇ ಬಿಡುವು. ಹತ್ತಿರ ಹೋಗಿ ಪೈಪಿಗೆ ಕಿವಿ ಇಟ್ಟೆ. ಕಾದ ಕಬ್ಬಿಣ ಕೆನ್ನೆ ಸುಟ್ಟಿತು. ಬಡಿತ ದೂರದಿಂದ ಬರುತ್ತಿತ್ತು, ನಮ್ಮ ಬೋರಿನ ಆಳಕ್ಕಿಂತ ಬಹಳ ದೂರದಿಂದ. ನಡುಮಧ್ಯಾಹ್ನದ ಬಿಸಿಲಿನಲ್ಲಿ ನನ್ನ ಹಲ್ಲು ಕಟಕಟ ಎನ್ನತೊಡಗಿದವು. ಮಾವನನ್ನು ಕೂಗಿದೆ. ಅವರು ಕೈ ತೊಳೆಯದೆ ಓಡಿ ಬಂದು ಕಿವಿ ಇಟ್ಟರು. ಅವರ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಅಮ್ಮಂಗೆ ಹೇಳ್ಬೇಡ ಕಣೇ" ಎಂದರು.

ಹೇಳುವ ಅಗತ್ಯವೇ ಬೀಳಲಿಲ್ಲ. ತಿರುಗಿ ನೋಡಿದರೆ ಹೊಲದ ದಾರಿಯಲ್ಲಿ ಅಜ್ಜಿ ಕೋಲೂರಿಕೊಂಡು ಬರುತ್ತಿದ್ದರು. ಎಂಬತ್ತರ ಆಚೀಚೆ ವಯಸ್ಸು. ಕಿವಿ ಎಷ್ಟು ಮಂದವಾಗಿತ್ತೆಂದರೆ ಊಟಕ್ಕೆ ಕರೆಯಲು ಭುಜ ಅಲುಗಿಸಬೇಕಿತ್ತು. ಮನೆಯಿಂದ ಬೋರಿಗೆ ಒಂದು ಕೂಗಳತೆಗಿಂತಲೂ ದೂರ. ಹತ್ತಿರ ಬಂದವರೇ ನಮ್ಮನ್ನು ಬೈದರು: "ಆಗ್ಲಿಂದ ಬಡೀತಾವ್ರೆ, ಕೇಳಿಸ್ತಿಲ್ವಾ? ಒಬ್ಬರಾದ್ರೂ ಜವಾಬು ಕೊಡಬಾರ್ದಾ?"

ಅವರು ಬಗ್ಗಿ ಕಲ್ಲು ಎತ್ತಿಕೊಂಡಾಗ ನಾನು ಅವರ ಮಣಿಕಟ್ಟು ಹಿಡಿದೆ. "ಬೇಡ ಅಜ್ಜಿ, ಮನೆಗೆ ಹೋಗೋಣ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು. ನನಗೆ ಹೆದರಿಕೆಯಾದದ್ದು ಬಡಿತಕ್ಕಷ್ಟೇ ಅಲ್ಲ. ಜವಾಬು ಕೊಟ್ಟರೆ ಎಳೆಯಬೇಕಲ್ಲ, ಏನನ್ನು ಎಳೆಯುವುದು? ಅಜ್ಜಿ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡರು. ನೆಲದಿಂದ ಮೇಲೆ ಚಾಚಿದ್ದ ಬೋರಿನ ಕೇಸಿಂಗ್ ಪೈಪಿಗೆ ಒಂದೇ ಏಟು ಹಾಕಿದರು.

ಬಡಿತ ನಿಂತಿತು.

ಮೋಟರ್ ಎತ್ತುವವರ ಮೇಸ್ತ್ರಿ ತನ್ನ ಆಳುಗಳ ಜೊತೆ ಊಟ ಮುಗಿಸಿ ಬಂದ. "ಎಳೀರಪ್ಪಾ, ಮೆಲ್ಲಗೆ ಎಳೀರಿ" ಎಂದರು ಅಜ್ಜಿ. ಕೆಲಸ ಮತ್ತೆ ಶುರುವಾಯಿತು. ಒಂದೊಂದು ಪೈಪು ಬಿಚ್ಚಿದ ಹಾಗೆಲ್ಲ ಭಾರ ಇಳಿಯಬೇಕು, ಮೂರನೇ ಕ್ಲಾಸಿನ ಮಗುವಿಗೂ ಗೊತ್ತಾಗುವ ವಿಷಯ. ಇಲ್ಲಿ ಭಾರ ಏರುತ್ತಿತ್ತು. ಸ್ಟ್ಯಾಂಡಿನ ಕಾಲುಗಳು ಮಣ್ಣಿನಲ್ಲಿ ಹೂತುಕೊಳ್ಳತೊಡಗಿದವು. ಚೈನು ಎಳೆಯುವವರ ಕತ್ತಿನ ನರ ಉಬ್ಬಿತು. "ಏನ್ಲಾ ಇದು, ಕೆಳ್ಗಿಂದ ಯಾರೋ ಜೋತುಬಿದ್ದಂಗೈತಲ್ಲಾ" ಎಂದ ಮೇಸ್ತ್ರಿ. ಅವನು ತಮಾಷೆಗೆ ಹೇಳಿದ್ದು. ಮಾವ ಪಂಚೆ ಎತ್ತಿಕಟ್ಟಿ ತಾವೂ ಚೈನಿಗೆ ಕೈ ಹಾಕಿದರು.

ಕೊನೆಯ ಪೈಪು ಮೇಲೆ ಬರುವಾಗ ಅಜ್ಜಿ ಕೋಲನ್ನು ಕೆಳಗೆ ಬಿಟ್ಟು ಬೋರಿನ ಹತ್ತಿರ ಹೋಗಿ ನಿಂತರು. ಬಾವಿಯಿಂದ ಹತ್ತುವವನಿಗೆ ಮೇಲಿನವರು ಕೈ ಕೊಡುತ್ತಾರಲ್ಲ, ಹಾಗೆ ಬಲಗೈ ಚಾಚಿದರು. ಬಿದ್ದುಬಿಟ್ಟಾರೆಂದು ನಾನು ಹಿಂದಿನಿಂದ ಸೊಂಟ ತಬ್ಬಿ ಹಿಡಿದೆ. ಮೋಟರು ಮೇಲೆ ಬಂತು. ಒಣ ಧೂಳು ಮೆತ್ತಿದ ಮೋಟರು, ಅದರ ಕೆಳಗೆ ಏನೂ ಇಲ್ಲ. ಅದೇ ಹೊತ್ತಿಗೆ ಅಜ್ಜಿಯ ಬೆರಳುಗಳು ಮಡಚಿಕೊಂಡವು. "ಪೈಕಿ ರಾ ನಾಯನಾ" ಎಂದರು. ಮೇಲೆ ಬಾ ಅಪ್ಪಾ ಎಂದು. ಮರುಕ್ಷಣ ಅವರ ಮೈಯನ್ನು ಏನೋ ಮುಂದಕ್ಕೆ ಸೆಳೆಯಿತು, ಅವರ ಜೊತೆ ನಾನೂ ಒಂದು ಹೆಜ್ಜೆ ಮುಂದಕ್ಕೆ ಎಳೆದಂತೆ ಹೋದೆ. ಒಬ್ಬ ಪೂರ್ತಿ ಗಂಡಸಿನ ಭಾರ. ಇದನ್ನು ನಾನು ಯಾರೋ ಹೇಳಿ ಕೇಳಿದ್ದಲ್ಲ, ನನ್ನ ತೋಳಿಗೆ ಬಿದ್ದ ಭಾರ ಅದು. ಹಿಮ್ಮಡಿ ಊರಿ, ಕಣ್ಣು ಮುಚ್ಚಿ, ಬಾಯಿಗೆ ಬಂದ ದೇವರನ್ನೆಲ್ಲ ಕರೆಯುತ್ತ ಹಿಂದಕ್ಕೆ ಎಳೆದೆ. ಸೆಳೆತ ತಟ್ಟನೆ ಬಿಟ್ಟುಹೋಯಿತು. ಅಜ್ಜಿ ಮತ್ತು ನಾನು ಇಬ್ಬರೂ ಹಿಂದಕ್ಕೆ ಮಣ್ಣಿನ ಮೇಲೆ ಬಿದ್ದೆವು.

ಎಬ್ಬಿಸಿ ಕೂರಿಸಿದಾಗ ಅವರ ಬಲಗೈ ಮುಟ್ಟಿ ನೋಡಿದೆ. ಅಂಗೈ ಒದ್ದೆಯಾಗಿತ್ತು. ತಣ್ಣಗೆ ಕೊರೆಯುತ್ತಿತ್ತು. ಎಡಗೈ ಒಣಗಿ ಬೆಚ್ಚಗಿತ್ತು. ಅಜ್ಜಿ ಯಾವ ಪೈಪನ್ನೂ ಮುಟ್ಟಿರಲಿಲ್ಲ, ಮುಟ್ಟಿದ್ದರೂ ಆ ಬೋರಿನಲ್ಲಿ ಹನಿ ನೀರಿರಲಿಲ್ಲ.

ಆ ಅಮಾವಾಸ್ಯೆಗೆ ಅಜ್ಜಿ ತಮ್ಮ ಜೀವನದಲ್ಲೇ ಮೊದಲ ಸಲ ಅಪ್ಪನ ಹೆಸರಿನಲ್ಲಿ ಎಡೆ ಇಟ್ಟರು. ಮುದ್ದೆ, ಹುರುಳಿಕಾಳಿನ ಸಾರು, ವಡೆ, ಹೊಸ ಪಂಚೆ. ಎಲೆಯ ಮುಂದೆ ಕುಳಿತು ಮಗುವಿನ ಹಾಗೆ ಅತ್ತರು. ಅದು ದುಃಖದ ಅಳುವಲ್ಲ ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಮುಂದಿನ ವರ್ಷ ನಿದ್ದೆಯಲ್ಲೇ ಹೋದರು. ಬೋರಿನ ಬಾಯಿಗೆ ಮಾವ ಚಪ್ಪಡಿ ಕಲ್ಲು ಮುಚ್ಚಿ ಸಿಮೆಂಟು ಮೆತ್ತಿಸಿದರು.

ನಾನು ಕಾರಣ ಹುಡುಕದೆ ಬಿಟ್ಟಿಲ್ಲ. ಚೈನು ಎಲ್ಲೋ ಸಿಕ್ಕಿಕೊಂಡಿತ್ತೇ? ಅಜ್ಜಿ ಮುಗ್ಗರಿಸಿದ್ದನ್ನೇ ನಾನು ಸೆಳೆತ ಎಂದುಕೊಂಡೆನೇ? ಅಂಗೈ ಬೆವರಿತ್ತೇ? ಇರಬಹುದು. ಹೀಗೆ ಒಂದೊಂದಕ್ಕೂ ಒಂದೊಂದು ಸಮಾಧಾನ ಹೇಳಿಕೊಂಡು ವರ್ಷಗಳನ್ನು ಕಳೆದೆ. ಬೋರು ಕಂಡರೆ ಮಾತ್ರ ರಸ್ತೆಯ ಆ ಬದಿಗೆ ದಾಟಿ ಹೋಗುತ್ತೇನೆ.

ಹೋದ ತಿಂಗಳು ಮಾವ ಫೋನು ಮಾಡಿದ್ದರು. ಬೆಳೆ, ಮಳೆ, ಸೊಸೆಯ ಸೀಮಂತ ಎಲ್ಲ ಆಯಿತು. ಆಮೇಲೆ "ಲೇ, ಆ ಹಡಗಲ್ಲಿ ಬಾಗ್ಲಾಚೆ ಎಷ್ಟು ಜನ ಇದ್ರು ಅಂತ ಹೇಳ್ತಿದ್ರು ಅಮ್ಮ?" ಎಂದು ಕೇಳಿದರು.

ನಾಲ್ವರು ಎಂದೆ.

"ನಾವು ಎಳ್ದಿದ್ದು ಒಬ್ಬರನ್ನೇ ಅಲ್ವಾ" ಎಂದರು. ಎಲ್ಲಿಂದ ಮಾತಾಡುತ್ತಿದ್ದೀರಿ ಎಂದು ಕೇಳಿದೆ. ಹೊಲದಿಂದ ಎಂದರು. ಕೇಳಿಸ್ತೀನಿ ತಾಳು ಎಂದು ಅವರು ಫೋನನ್ನು ಬೋರು ಮುಚ್ಚಿದ ಚಪ್ಪಡಿಯ ಹತ್ತಿರ ಹಿಡಿಯುವುದರೊಳಗೆ ನಾನು ಕಾಲ್ ಕತ್ತರಿಸಿದೆ.

ಆ ಮೂವರು ಯಾವ ಊರಿನವರೋ, ಅವರ ಮನೆಯಲ್ಲಿ ಯಾರು ಕಾದು ಕಾದು ಸತ್ತರೋ ನನಗೆ ತಿಳಿಯದು. ಅವರಿಗೆ ಗೊತ್ತಿರುವುದು ನಮ್ಮ ಬಡಿತ ಒಂದೇ. ಆ ಬಡಿತ ಕೇಳಿ ಜವಾಬು ಕೊಡಬಲ್ಲವರು ಈಗ ನಾನು ಮತ್ತು ಮಾವ. ಕೊಟ್ಟರೆ ಎಳೆಯಬೇಕು, ಮೇಲೆ ಬಂದವರಿಗೆ ಕೈ ಕೊಡಬೇಕು. ಮಾವ ಆಮೇಲೆ ಫೋನು ಮಾಡಿಲ್ಲ. ನಾನೂ ಊರಿಗೆ ಹೋಗಿಲ್ಲ.